ನಿಲಯದ ಗೇಟಿನಿಂದ ಸ್ವಂತ ಕೋಣೆಗೆ: ಆಶ್ರಯದಲ್ಲಿರುವ ಮಹಿಳೆ ಕೆಲಸ ಹಿಡಿಯಲು ಜೊತೆ ನಿಲ್ಲುವುದು ಹೇಗೆ?

ಉಡುಪಿಯ ನಿಟ್ಟೂರಿನಲ್ಲಿರುವ ರಾಜ್ಯ ಮಹಿಳಾ ನಿಲಯದಲ್ಲಿ ಆಗಾಗ ಮದುವೆ ನಡೆಯುತ್ತದೆ. ಅಧಿಕಾರಿಗಳೇ ಹೆಣ್ಣಿನ ಕಡೆಯವರಾಗಿ ನಿಂತು ಧಾರೆ ಎರೆದು ಕೊಡುತ್ತಾರೆ. ಪತ್ರಿಕೆಗಳಲ್ಲಿ ಫೋಟೋ ಬರುತ್ತದೆ. ನೋಡಿದಾಗ ನನಗೂ ಖುಷಿಯಾಗುತ್ತದೆ. ಆದರೆ ಮದುವೆ ಬೇಡ ಅನ್ನುವವರು ಏನು ಮಾಡಬೇಕು? ವಯಸ್ಸು ನಲವತ್ತು ದಾಟಿದವರು? ಗಂಡನ ಹೊಡೆತ ತಾಳಲಾರದೆ ಓಡಿ ಬಂದವರು? ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡರೂ ಮನೆಯವರು ಕರೆದುಕೊಂಡು ಹೋಗದೆ ಉಳಿದವರು? ಇವರಿಗೂ ಆ ಗೇಟು ತೆರೆಯಬೇಕು, ಅಲ್ವಾ? ಕೆಲಸ, ಸಂಬಳ, ಬಾಡಿಗೆಯ ಒಂದು ಕೋಣೆ. ಇವರಲ್ಲಿ ಬಹಳ ಜನರಿಗೆ ದಾರಿ ಅದೇ.

ಕೆಲವು ವರ್ಷಗಳಿಂದ ಇಂಥ ಮಹಿಳೆಯರ ಜೊತೆ ಸ್ವಯಂಸೇವಕಿಯಾಗಿ ಓಡಾಡಿದ್ದೇನೆ. ತಪ್ಪುಗಳನ್ನೂ ಮಾಡಿದ್ದೇನೆ. ನೀವು ಅವರ ಅಕ್ಕನೋ ತಮ್ಮನೋ ಆಗಿರಬಹುದು, ನಿಲಯದ ಸಿಬ್ಬಂದಿ ಇರಬಹುದು, ಸಮಾಜಕಾರ್ಯ ಓದುತ್ತಿರಬಹುದು. ಯಾರೇ ಆದರೂ ಈ ಕ್ರಮ ಉಪಯೋಗಕ್ಕೆ ಬರುತ್ತದೆ.

1. ಅವರು ಯಾವ ಬಾಗಿಲಿನಿಂದ ಒಳಗೆ ಬಂದರು, ಮೊದಲು ನೋಡಿ

ಎಲ್ಲ ಆಶ್ರಯಗಳೂ ಒಂದೇ ಅಲ್ಲ. ರಾಜ್ಯ ಮಹಿಳಾ ನಿಲಯಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವು. ಮೊದಲು ಸ್ವಾಧಾರ ಗೃಹ, ಉಜ್ವಲ ಎಂದು ಬೇರೆ ಬೇರೆಯಾಗಿದ್ದ ಆಶ್ರಯಗಳು 2022ರಲ್ಲಿ ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಯೋಜನೆಯ ಅಡಿಯಲ್ಲಿ ಸೇರಿ ಶಕ್ತಿ ಸದನ ಆದವು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರಗಳಿವೆ. ಮಾನಸಿಕ ಆಸ್ಪತ್ರೆಗಳು, ಆಸ್ಪತ್ರೆಯಿಂದ ಬಿಡುಗಡೆಯಾದವರು ಸ್ವಲ್ಪ ಕಾಲ ಇರುವ ಹಾಫ್‌ವೇ ಹೋಮ್‌ಗಳು ಬೇರೆ.

ಕೋರ್ಟ್ ಆದೇಶದ ಮೇಲೆ ಬಂದಿದ್ದರೆ ಹೊರಗೆ ಕೆಲಸಕ್ಕೆ ಹೋಗಲು ಆ ಕಡೆಯಿಂದ ಅನುಮತಿ ಬೇಕಾಗಬಹುದು. ತಾವಾಗಿಯೇ ಬಂದವರಾದರೆ ಅಷ್ಟು ತೊಡಕಿಲ್ಲ. ನಿಲಯದ ಅಧೀಕ್ಷಕರ ಜೊತೆ ಕೂತು, ಫೈಲ್ ನೋಡಿ, ಇದನ್ನು ಮೊದಲ ದಿನವೇ ಸ್ಪಷ್ಟ ಮಾಡಿಕೊಳ್ಳಿ. ಅವರನ್ನು ಬದಿಗಿಟ್ಟು ಹೊರಟರೆ ನಾಳೆ ಗೇಟ್ ಪಾಸ್‌ಗೇ ಪರದಾಡಬೇಕಾಗುತ್ತದೆ.

ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಇರುವವರಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಕೈಯಲ್ಲಿರಲಿ. ಇದು 2018ರ ಮೇ 29ರಿಂದ ಜಾರಿಯಲ್ಲಿದೆ. ಮನೆಯಿಲ್ಲ, ಕುಟುಂಬ ಇಲ್ಲ, ಅಥವಾ ಕುಟುಂಬ ಒಪ್ಪುತ್ತಿಲ್ಲ ಎನ್ನುವುದೊಂದೇ ಕಾರಣಕ್ಕೆ ಯಾರನ್ನೂ ಅಲ್ಲೇ ಉಳಿಸಿಕೊಳ್ಳುವಂತಿಲ್ಲ ಎಂದು ಇದರ 19ನೇ ಸೆಕ್ಷನ್ ಹೇಳುತ್ತದೆ. 20ನೇ ಸೆಕ್ಷನ್ ಬಗ್ಗೆ ಗೊತ್ತಿರುವವರು ಕಡಿಮೆ. ಸಂಸ್ಥೆಯೊಳಗೆ ಬಲವಂತವಾಗಿ ಕೆಲಸ ಮಾಡಿಸುವಂತಿಲ್ಲ, ಮಾಡಿದ ಕೆಲಸಕ್ಕೆ ತಕ್ಕ ಹಣ ಕೊಡಬೇಕು ಎಂದು ಅದರಲ್ಲಿದೆ. ವರ್ಷಗಟ್ಟಲೆ ಐವತ್ತು ಜನರ ಅಡುಗೆ ಮಾಡಿದವರನ್ನು "ಅವರಿಗೆ ಕೆಲಸ ಮಾಡಿ ಅಭ್ಯಾಸ ಇಲ್ಲ" ಅಂದದ್ದನ್ನು ನಾನು ಕೇಳಿದ್ದೇನೆ. ಐವತ್ತು ಜನರ ಅಡುಗೆ ಅನುಭವವೇ. ಬರೆದಿಟ್ಟುಕೊಳ್ಳಿ.

2. "ನಿಮಗೇನು ಇಷ್ಟ?" ಎಂದು ಕೇಳಬೇಡಿ

ನನ್ನ ಮೊದಲ ತಪ್ಪು ಇದೇ. ಉತ್ತರ ಕರ್ನಾಟಕದ ಒಬ್ಬ ಅಕ್ಕನನ್ನು ಮೂರು ವಾರ ಇದೇ ಪ್ರಶ್ನೆ ಕೇಳಿದೆ. "ನೀವು ಹೇಳಿದ್ದು ಮಾಡ್ತೀನ್ರಿ" ಎಂದೇ ಉತ್ತರ. ಅವರದ್ದು ತಪ್ಪಲ್ಲ. ನಿಲಯದಲ್ಲಿ ಏಳುವ ಹೊತ್ತು, ತಿನ್ನುವ ತಿಂಡಿ, ದೀಪ ಆರಿಸುವ ಸಮಯ ಎಲ್ಲವನ್ನೂ ಬೇರೆಯವರೇ ಗೊತ್ತು ಮಾಡುತ್ತಾರೆ. ಹತ್ತು ವರ್ಷ ಹಾಗೆ ಕಳೆದವರಿಗೆ ಇಷ್ಟ ಅನ್ನುವುದೇ ಮರೆತು ಹೋಗಿರುತ್ತದೆ.

ಒಂದು ದಿನ ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ನೋಡಿ ತಾವೇ ಮಾತು ತೆಗೆದರು. "ನಮ್ಮೂರಾಗ ತಾಸಿಗೆ ನಲವತ್ತು ರೊಟ್ಟಿ ಬಡೀತಿದ್ದೆ." ಅಂದಿನಿಂದ ನಾನು ಪ್ರಶ್ನೆ ಬದಲಾಯಿಸಿದೆ. ಇಲ್ಲಿಗೆ ಬರುವ ಮುಂಚೆ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಿರಿ? ಅಮ್ಮನ ಜೊತೆ ಯಾವ ಕೆಲಸಕ್ಕೆ ಹೋಗುತ್ತಿದ್ದಿರಿ? ಹೂ ಕಟ್ಟುತ್ತಿದ್ದಿರಾ? ಬೀಡಿ? ಭತ್ತದ ನಾಟಿ? ಆಗ ಮಾತು ಬರುತ್ತದೆ.

ಇದರ ಜೊತೆಗೆ ಎರಡು ವಾರ ಸಣ್ಣ ಸಣ್ಣ ಆಯ್ಕೆಗಳನ್ನು ಅವರಿಗೇ ಬಿಡಿ. ಅಂಗಡಿಗೆ ಕರೆದುಕೊಂಡು ಹೋಗಿ ಸೋಪು ಅವರೇ ಆರಿಸಲಿ. ಎಷ್ಟೇ ಹೊತ್ತಾಗಲಿ, ಕಾಯಿರಿ. ಇನ್ನೊಂದು ಮಾತು. ನಿಲಯಗಳಲ್ಲಿ ಏಕವಚನ ಜಾಸ್ತಿ. ನೀವು "ನೀವು" ಅನ್ನಿ, ವಯಸ್ಸಿಗೆ ತಕ್ಕಂತೆ ಅಕ್ಕ ಅನ್ನಿ, ಹೆಸರು ಹಿಡಿದು ಕರೆಯಿರಿ. ನಾಳೆ ಕೆಲಸದ ಜಾಗದಲ್ಲಿ ಯಾರಾದರೂ ತಾತ್ಸಾರ ಮಾಡಿದಾಗ ಅದು ಸರಿಯಲ್ಲ ಎಂದು ಅವರಿಗೆ ಅನ್ನಿಸಬೇಕಾದರೆ ಮೊದಲು ಮರ್ಯಾದೆಯ ಅಭ್ಯಾಸ ಆಗಬೇಕು.

3. ಕಾಗದಪತ್ರ

ಆಧಾರ್ ಇಲ್ಲದೆ ಏನೂ ನಡೆಯುವುದಿಲ್ಲ. ವಿಳಾಸ ಇಲ್ಲ ಎಂದು ಕೈಬಿಡಬೇಡಿ. ಮಾನ್ಯತೆ ಪಡೆದ ಆಶ್ರಯ ಗೃಹದ ಅಧೀಕ್ಷಕರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವನ್ನು ಆಧಾರ್ ಕೇಂದ್ರದಲ್ಲಿ ಒಪ್ಪುತ್ತಾರೆ. ಹಿಂದೆ ಎಲ್ಲೋ ಆಧಾರ್ ಮಾಡಿಸಿದ್ದು ಕಳೆದುಹೋಗಿದ್ದರೆ ಹೊಸದಾಗಿ ಅರ್ಜಿ ಹಾಕಿದಾಗ ತಿರಸ್ಕಾರ ಆಗುತ್ತದೆ. ಬೆರಳಚ್ಚು ಮೊದಲೇ ದಾಖಲಾಗಿರುತ್ತದಲ್ಲ. ಹಾಗಾದಾಗ ಹಳೆಯ ನಂಬರ್ ಹುಡುಕಿಸಿ, ಹೊಸ ಮೊಬೈಲ್ ನಂಬರ್ ಜೋಡಿಸಿ.

ಆಮೇಲೆ ಬ್ಯಾಂಕ್ ಖಾತೆ. ಜನಧನ ಖಾತೆಗೆ ಕನಿಷ್ಠ ಹಣ ಇಡಬೇಕಿಲ್ಲ. ಖಾತೆ ಅವರೊಬ್ಬರ ಹೆಸರಿನಲ್ಲಿರಲಿ. ನಿಲಯದವರ ಜೊತೆ ಜಂಟಿಯಾಗಿ ಬೇಡ, ನಿಮ್ಮ ಜೊತೆಯೂ ಬೇಡ. ಮೊಬೈಲ್ ಸಿಮ್ ಅವರ ಹೆಸರಿನದ್ದೇ ಇರಲಿ, ಓಟಿಪಿ ಅವರ ಫೋನಿಗೇ ಬರಲಿ.

ಮಾನಸಿಕ ಕಾಯಿಲೆ ಅಥವಾ ಬೇರೆ ಅಂಗವೈಕಲ್ಯ ಇದ್ದರೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸುವ ಯೋಚನೆ ಮಾಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಕಾರಿ ಕೆಲಸದಲ್ಲಿ 4 ಶೇಕಡಾ ಮೀಸಲಾತಿ ಇರುವುದೂ ಇದರಲ್ಲೇ. ಕಾರ್ಡ್ ಬೇಕೋ ಬೇಡವೋ ಎನ್ನುವುದನ್ನು ಅವರೇ ತೀರ್ಮಾನಿಸಲಿ. ಆ ಗುರುತು ಬೇಡ ಅನ್ನುವವರೂ ಇದ್ದಾರೆ.

4. ಮಾತ್ರೆಯ ಬಗ್ಗೆ ಡಾಕ್ಟರ ಹತ್ತಿರ ಕೆಲಸದ ಭಾಷೆಯಲ್ಲಿ ಮಾತಾಡಿ

ಇದನ್ನು ಬಿಟ್ಟದ್ದಕ್ಕೇ ಎಷ್ಟೋ ಕೆಲಸಗಳು ಕೈತಪ್ಪಿವೆ. ಬೆಳಿಗ್ಗೆ ಎಂಟಕ್ಕೆ ಶಿಫ್ಟ್. ಮಾತ್ರೆಯ ಮಂಪರು ಹತ್ತಕ್ಕೆ ಇಳಿಯುತ್ತದೆ. ನೋಡುವವರಿಗೆ ಅದು ಸೋಮಾರಿತನ. ಡಾಕ್ಟರಿಗೆ "ಇವರು ಕೆಲಸಕ್ಕೆ ಹೋಗ್ತಾರೆ, ಬೆಳಿಗ್ಗೆ ಆರಕ್ಕೆ ಏಳಬೇಕು" ಎಂದು ಹೇಳಿ. ಮಾತ್ರೆಯ ಹೊತ್ತು ಅಥವಾ ಪ್ರಮಾಣ ಬದಲಾಯಿಸಲು ಆಗುತ್ತದಾ ಎಂದು ಅವರೇ ನೋಡುತ್ತಾರೆ. ಕೈ ನಡುಕ ಇದ್ದರೆ ಹೊಲಿಗೆ ಕೆಲಸ ಕಷ್ಟ. ಅದಕ್ಕೂ ಉಪಾಯ ಇರಬಹುದು, ಕೇಳಿ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಲ್ಲಿ, ಒಲೆ ಮುಂದೆ ಬೆವರಿ ನೀರು ಕುಡಿಯದಿದ್ದರೆ ಅಪಾಯ. ಇಡ್ಲಿ ಹೋಟೆಲ್ಲಿನ ಅಡುಗೆಮನೆಗೆ ಕಳಿಸುವ ಮುಂಚೆ ಇದು ಗೊತ್ತಿರಬೇಕು. ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸುವುದು, ಕಡಿಮೆ ಮಾಡುವುದು ಮಾತ್ರ ಬೇಡ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ, ಆ ದಿನದ ರಜೆಯನ್ನು ಕೆಲಸಕ್ಕೆ ಸೇರುವಾಗಲೇ ಮಾತಾಡಿಕೊಳ್ಳಿ.

5. ಯಾವ ಕೆಲಸ?

"ಪೂರ್ತಿ ಹುಷಾರಾಗಲಿ, ಆಮೇಲೆ ತರಬೇತಿ, ಆಮೇಲೆ ಕೆಲಸ." ಎಲ್ಲೆಡೆ ಕೇಳುವ ಮಾತು ಇದು. ಆ "ಆಮೇಲೆ" ಬರುವುದೇ ಇಲ್ಲ. ನಿಲಯಗಳಲ್ಲಿ ಒಬ್ಬರೇ ನಾಲ್ಕು ನಾಲ್ಕು ಸಲ ಹೊಲಿಗೆ ತರಬೇತಿ ಮುಗಿಸಿ, ಸರ್ಟಿಫಿಕೇಟ್ ಟ್ರಂಕಿನಲ್ಲಿಟ್ಟುಕೊಂಡು ಕೂತಿರುತ್ತಾರೆ. 1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಈ ಕ್ರಮವನ್ನು ತಿರುಗಿಸಿದರು. ಕೆಲಸ ಮಾಡುವ ಆಸೆ ಇದ್ದರೆ ಸಾಕು, ಬೇಗ ನಿಜವಾದ ಕೆಲಸಕ್ಕೆ ಸೇರಿಸಿ, ಅಲ್ಲೇ ಜೊತೆ ನಿಂತು ಕಲಿಸಿ ಎಂದರು. ತೀವ್ರ ಮಾನಸಿಕ ಕಾಯಿಲೆ ಇದ್ದವರಲ್ಲೂ ಹಳೆಯ ಕ್ರಮಕ್ಕಿಂತ ಈ ಕ್ರಮದಲ್ಲಿ ಜಾಸ್ತಿ ಜನ ಕೆಲಸ ಹಿಡಿದರು ಎಂದು ಆಮೇಲೆ ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂತು. ನಾನು ನೋಡಿದ್ದೂ ಅದನ್ನೇ. ಹುಷಾರಾದ ಮೇಲೆ ಕೆಲಸ ಎಂದು ಕಾಯುತ್ತೇವೆ. ಎಷ್ಟೋ ಜನ ಕೆಲಸಕ್ಕೆ ಹೋಗುತ್ತಾ ಹೋಗುತ್ತಾ ಹುಷಾರಾಗುತ್ತಾರೆ.

ಕೆಲಸ ಆರಿಸುವಾಗ ನಾನು ನೋಡುವುದು ಮೂರೇ ವಿಷಯ. ಹಗಲು ಹೊತ್ತಿನದ್ದಾ, ಬಸ್ಸಿಗೆ ಹತ್ತಿರವಾ, ಮೇಲೆ ನಿಂತು ಕೂಗುವವರು ಇದ್ದಾರಾ?

ಗಾರ್ಮೆಂಟ್ಸ್‌ನಲ್ಲಿ ಕೆಲಸ ಬೇಗ ಸಿಗುತ್ತದೆ, ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇರುತ್ತದೆ. ಆದರೆ ಗಂಟೆಗಂಟೆಗೂ ಟಾರ್ಗೆಟ್, ಸೂಪರ್‌ವೈಸರ್ ಬೈಗುಳ. ಏಟು ತಿಂದು ಬಂದವರಿಗೆ ಆ ಕೂಗು ಬೇರೆಯೇ ಆಗಿ ಕೇಳುತ್ತದೆ. ಟೈಲರ್ ಆಗಿ ಲೈನಿನಲ್ಲಿ ಕೂರಿಸುವ ಮೊದಲು ಟ್ರಿಮ್ಮಿಂಗ್ ಅಥವಾ ಪ್ಯಾಕಿಂಗ್‌ನಲ್ಲಿ ಹೆಲ್ಪರ್ ಆಗಿ ನೋಡಿ. ಸೀರೆಗೆ ಕುಚ್ಚು ಹಾಕುವುದು, ಫಾಲ್ ಮತ್ತು ಜಿಗ್‌ಜಾಗ್ ನಿಲಯದಲ್ಲಿ ಇದ್ದುಕೊಂಡೇ ಶುರು ಮಾಡಬಹುದು. ಸೀರೆ ಅಂಗಡಿಯವರು ಒಂದೊಂದು ಸೀರೆಗೆ ಇಷ್ಟು ಎಂದು ಕೊಡುತ್ತಾರೆ. ಆದರೆ ಅದು ಮತ್ತೆ ನಾಲ್ಕು ಗೋಡೆಯೊಳಗಿನ ಕೆಲಸ. ಮೊದಲ ಹೆಜ್ಜೆಯಾಗಿ ಇರಲಿ, ಅಲ್ಲೇ ನಿಲ್ಲಬಾರದು. ಹಾಸ್ಟೆಲ್ ಅಡುಗೆ, ಶಿಶುವಿಹಾರದ ಆಯಾ, ನರ್ಸರಿ ಗಿಡಗಳ ಕೆಲಸ, ರೊಟ್ಟಿ ಕೇಂದ್ರ ನನ್ನ ಅನುಭವದಲ್ಲಿ ಚೆನ್ನಾಗಿ ಕೂಡಿ ಬಂದಿವೆ. ರೊಟ್ಟಿ ಬಡಿಯುತ್ತಿದ್ದ ಆ ಅಕ್ಕ ಈಗ ಅದೇ ಕೆಲಸದಲ್ಲಿದ್ದಾರೆ.

ಒಂದು ಕೆಲಸಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. "ನಮ್ಮನೆಯಲ್ಲೇ ಇರಲಿ, ಊಟ ಬಟ್ಟೆ ಕೊಡ್ತೀವಿ, ಮನೆ ಮಗಳ ಥರ ನೋಡ್ಕೋತೀವಿ" ಅನ್ನುವವರು ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳಬಹುದು. ಆದರೆ ಅಲ್ಲಿ ರಜೆ ಇಲ್ಲ, ಸಂಬಳದ ಲೆಕ್ಕ ಇಲ್ಲ, ಗೇಟಿನ ಬೀಗ ಇನ್ನೊಬ್ಬರ ಕೈಯಲ್ಲಿ. ಮನೆಕೆಲಸವೇ ಆದರೆ ಬೆಳಿಗ್ಗೆ ಹೋಗಿ ಸಂಜೆ ಬರುವಂತಿರಲಿ.

ತರಬೇತಿ ಬೇಕೇ ಬೇಕು ಅನ್ನಿಸಿದರೆ ಸ್ವಂತ ಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ನೋಡಿ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು. ಅದೇ ಮಾದರಿಯ ಆರ್‌ಸೆಟಿ ಕೇಂದ್ರಗಳು ಈಗ ಜಿಲ್ಲೆಜಿಲ್ಲೆಯಲ್ಲಿವೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಬೇರೆ ಹೆಂಗಸರ ಜೊತೆ ಕೆಲವು ವಾರ ಇದ್ದು ಬರುವುದೇ ಒಂದು ಪಾಠ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ತೋಟಗಾರಿಕೆ ಕಲಿಸುತ್ತಾರೆ. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ ವಿಕಲಚೇತನರಿಗೇ ಕೆಲಸ ಕೊಡುತ್ತದೆ. ಸ್ವಂತ ಉದ್ಯೋಗಕ್ಕೆ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷ ರೂಪಾಯಿವರೆಗೆ ಸಹಾಯಧನ ಸಹಿತ ಸಾಲ ಇದೆ. ಆದರೆ ನಿಲಯದಿಂದ ಬಂದ ಮೊದಲ ವರ್ಷವೇ ಸಾಲ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

6. ಬಸ್ಸಿನ ಅಭ್ಯಾಸ

ಕೆಲಸ ಶುರುವಾಗುವ ಹದಿನೈದು ದಿನ ಮೊದಲು ದಾರಿ ಕಲಿಸಿ. ಮೊದಲ ಮೂರು ದಿನ ಪಕ್ಕದಲ್ಲೇ ಕೂತು. ಆಮೇಲೆ ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ. ಆಮೇಲೆ ಅವರು ಹತ್ತಲಿ, ನೀವು ಇಳಿಯುವ ಸ್ಟಾಪಿನಲ್ಲಿ ಕಾಯಿರಿ. ಓದಲು ಬಾರದಿದ್ದರೆ ಬಸ್ ನಂಬರ್ ಚೀಟಿಯಲ್ಲಿ ಬರೆದು ಕೊಡಿ. ದಾರಿಯಲ್ಲಿ ಗುರುತಿಗೆ ಒಂದು ದೇವಸ್ಥಾನ, ಒಂದು ಪೆಟ್ರೋಲ್ ಬಂಕ್ ತೋರಿಸಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಹಣ ಇಲ್ಲ. ಈ ಮಹಿಳೆಯರಿಗೆ ಇದರಿಂದ ಎಷ್ಟು ಅನುಕೂಲ ಆಗಿದೆ ಎಂದರೆ, ಮೊದಲ ಸಂಬಳ ಬರುವ ತನಕ ಬಸ್ ಚಾರ್ಜಿಗೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಜೊತೆಗಿರಬೇಕು, ಅಷ್ಟೇ.

7. ಮಾಲೀಕರ ಹತ್ತಿರ ಏನು ಹೇಳುವುದು

ಕಾಯಿಲೆಯ ವಿಷಯ ಹೇಳಬೇಕೋ ಬೇಡವೋ ಎನ್ನುವುದು ಅವರ ತೀರ್ಮಾನ. ಕಾಯಿಲೆಯ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕು ಅದೇ 2017ರ ಕಾಯ್ದೆಯಲ್ಲಿದೆ. ಅವರನ್ನು ಕೇಳದೆ ನೀವು ಹೇಳಿಬಿಡಬೇಡಿ. ಒಮ್ಮೆ ನಾನು ಅನುಕಂಪ ಸಿಗಲಿ ಎಂದು ಒಬ್ಬರ ಪೂರ್ತಿ ಕಥೆಯನ್ನು ಮಾಲೀಕರಿಗೆ ಹೇಳಿದೆ. ವಾರದೊಳಗೆ ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಅವರು ಕೆಲಸ ಬಿಟ್ಟರು. ಅದು ನನ್ನಿಂದ ಆದದ್ದು.

ಹೇಳುವುದಾದರೆ ಇಷ್ಟು ಸಾಕು: "ನನಗೆ ಆರೋಗ್ಯದ ಒಂದು ತೊಂದರೆ ಇದೆ. ಮಾತ್ರೆ ತಗೊಳ್ತೀನಿ. ತಿಂಗಳಿಗೊಂದು ದಿನ ಆಸ್ಪತ್ರೆಗೆ ಹೋಗಬೇಕು." "ಇಷ್ಟು ವರ್ಷ ಎಲ್ಲಿದ್ರಿ?" ಎಂದು ಸಹೋದ್ಯೋಗಿಗಳು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಮೊದಲೇ ಇಬ್ಬರೂ ಕೂತು ಯೋಚಿಸಿ, ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. "ಹಾಸ್ಟೆಲ್‌ನಲ್ಲಿದ್ದೆ, ಅಲ್ಲಿ ಅಡುಗೆ ಮಾಡ್ತಿದ್ದೆ" ಎನ್ನುವುದು ಸುಳ್ಳೂ ಅಲ್ಲ.

ನೀವು ಮಾಲೀಕರ ಹತ್ತಿರ ಕೇಳಬೇಕಾದ್ದು ಬೇರೆ. ಸಂಬಳ ಬ್ಯಾಂಕಿಗೇ ಬರುತ್ತದಾ? ವಾರದ ರಜೆ ಯಾವ ದಿನ? ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಇಎಸ್‌ಐ ಇದೆಯಾ? ಸಂಬಳ 21,000 ರೂಪಾಯಿ ಒಳಗಿದ್ದರೆ ಅವರ ಪಾಲು 0.75 ಶೇಕಡಾ ಮಾತ್ರ, ಅಷ್ಟಕ್ಕೆ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತಾರೆ. ಲೈಂಗಿಕ ಕಿರುಕುಳದ ದೂರಿಗೆ ಒಳ ಸಮಿತಿ ಇದೆಯಾ? 2013ರ ಕಾಯ್ದೆ ಪ್ರಕಾರ ಹತ್ತು ಜನ ಇರುವ ಕಡೆ ಅದು ಇರಲೇಬೇಕು. ಸಣ್ಣ ಕಡೆಗಳಿಗೂ ಮನೆಕೆಲಸಕ್ಕೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಹಿಂದೆ ಕಿರುಕುಳ ಅನುಭವಿಸಿದವರನ್ನು ಕಳಿಸುತ್ತಿದ್ದೀರಿ. ಸಂಕೋಚ ಬಿಟ್ಟು ಕೇಳಿ.

8. ಮೂರನೇ ವಾರ

ಮೊದಲ ವಾರ ಹುರುಪು ಇರುತ್ತದೆ. ಎರಡನೇ ವಾರ ಮೈಕೈ ನೋವು. ಮೂರನೇ ವಾರ ಒಂದು ಬೆಳಿಗ್ಗೆ "ಇವತ್ತು ಹೋಗಲ್ಲ" ಎಂದು ಮುಸುಕು ಹಾಕಿಕೊಂಡು ಮಲಗುತ್ತಾರೆ. ನಾನು ನೋಡಿದ ಬಹುಪಾಲು ಜನರ ವಿಷಯದಲ್ಲಿ ಹೀಗೇ ಆಗಿದೆ. ಆವತ್ತು ಬೈಯಬೇಡಿ, ಉಪದೇಶವೂ ಬೇಡ. ಏನಾಯಿತು ಎಂದು ಕೇಳಿ. ಕಾರಣ ಸಾಮಾನ್ಯವಾಗಿ ತೀರಾ ಸಣ್ಣದು. ಊಟದ ಹೊತ್ತಿನಲ್ಲಿ ಜೊತೆಗೆ ಕೂರಲು ಯಾರೂ ಇಲ್ಲ. ಡಬ್ಬಿಯಲ್ಲಿ ದಿನಾ ನಿಲಯದ ಅದೇ ಚಿತ್ರಾನ್ನ, ಬಿಚ್ಚಲು ನಾಚಿಕೆ. ಮುಟ್ಟಿನ ದಿನ, ಟಾಯ್ಲೆಟ್‌ಗೆ ಬಿಡುವು ಕೇಳಲು ಭಯ. ಡಬ್ಬಿಗೆ ಒಂದು ಪಲ್ಯ ಸೇರಿಸಿದ್ದರಿಂದಲೇ ಒಬ್ಬರ ಕೆಲಸ ಉಳಿದದ್ದು ನನಗೆ ಗೊತ್ತು.

ಅದಕ್ಕೇ ಮೊದಲ ತಿಂಗಳು ದಿನಾ ಸಂಜೆ ಹತ್ತು ನಿಮಿಷ ಮಾತಾಡಿ, ಎರಡನೇ ತಿಂಗಳು ವಾರಕ್ಕೆ ಎರಡು ಸಲ, ಆರು ತಿಂಗಳವರೆಗೆ ವಾರಕ್ಕೊಮ್ಮೆ. ನಿಲಯದ ವೇಳಾಪಟ್ಟಿಯೂ ಬದಲಾಗಬೇಕು. ಸಂಜೆ ಏಳಕ್ಕೆ ಬರುವವರಿಗೆ ಊಟ ಎತ್ತಿಟ್ಟಿರಬೇಕು. ಹಾಜರಿ ಹೊತ್ತಿಗೆ ಇರಲಿಲ್ಲ ಎಂದು ಗದರಬಾರದು. ಇದನ್ನು ಅಧೀಕ್ಷಕರ ಹತ್ತಿರ ಬರವಣಿಗೆಯಲ್ಲೇ ಒಪ್ಪಿಸಿಕೊಳ್ಳಿ.

9. ಸಂಬಳ ಅವರದ್ದು

ಮೊದಲ ಸಂಬಳ ಬಂದ ದಿನ ಬ್ಯಾಂಕಿಗೆ ಜೊತೆಯಲ್ಲಿ ಹೋಗಿ. ಪಾಸ್‌ಬುಕ್ ಪ್ರಿಂಟ್ ಹಾಕಿಸಿ, ಆ ಸಾಲು ತೋರಿಸಿ. ಒಂದು ಸಲ ಹಣ ತೆಗೆಯುವುದನ್ನು ಕಲಿಸಿ. ಪಿನ್ ಅವರೇ ಒತ್ತಲಿ, ನೀವು ಆ ಕಡೆ ತಿರುಗಿ ನಿಲ್ಲಿ. ಮೊದಲ ತಿಂಗಳು ಅವರು ಎಲ್ಲವನ್ನೂ ಬಳೆ, ಸೀರೆ, ಬೇಕರಿ ತಿಂಡಿಗೆ ಖರ್ಚು ಮಾಡಬಹುದು. ಮಾಡಲಿ ಬಿಡಿ. ವರ್ಷಗಳ ಆಸೆ ಅದು. ಎರಡನೇ ತಿಂಗಳಿಂದ ಒಂದು ನೋಟ್‌ಪುಸ್ತಕದಲ್ಲಿ ಬಾಡಿಗೆ ಅಡ್ವಾನ್ಸ್‌ಗೆ ಎಂದು ಒಂದು ಕಾಲಂ ಹಾಕಿಸಿ.

ಸಂಬಳ ಬರುವ ಸುದ್ದಿ ತಿಳಿದ ಕೂಡಲೇ ವರ್ಷಗಟ್ಟಲೆ ಕಾಣದ ಅಣ್ಣಂದಿರು ಫೋನ್ ಮಾಡುವುದುಂಟು. ಸಂಬಂಧ ಮುರಿಯಿರಿ ಎಂದು ನಾವು ಹೇಳಬಾರದು. "ಯೋಚನೆ ಮಾಡಿ ಹೇಳ್ತೀನಿ" ಅನ್ನುವ ಒಂದು ಮಾತನ್ನು ಮಾತ್ರ ಕಲಿಸಿ.

ಅಂಗವಿಕಲರ ಮಾಸಾಶನವೋ, 40ರಿಂದ 64 ವರ್ಷದ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ ಇರುವ ಮನಸ್ವಿನಿಯೋ ಬರುತ್ತಿದ್ದರೆ, ಸಂಬಳ ಶುರುವಾದ ಮೇಲೆ ಮುಂದುವರಿಯುತ್ತದಾ ಎಂದು ನಾಡಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

10. ಮನೆ, ಮತ್ತು ಹುಷಾರು ತಪ್ಪಿದಾಗ

ಆರು ತಿಂಗಳು ಸಂಬಳ ತಪ್ಪದೆ ಬಂದ ಮೇಲೆ ಹೊರಗಿನ ವಾಸದ ಬಗ್ಗೆ ಯೋಚಿಸಿ. ಕೆಲಸ ಮಾಡುವ ಮಹಿಳೆಯರಿಗೆ ಸಖಿ ನಿವಾಸಗಳಿವೆ, ಪಿಜಿಗಳಿವೆ. ನನಗೆ ಹೆಚ್ಚು ಹಿಡಿಸಿದ್ದು ಚೆನ್ನೈನ ಬ್ಯಾನಿಯನ್ ಸಂಸ್ಥೆ ಮಾಡಿ ತೋರಿಸಿದ ದಾರಿ. 1993ರಲ್ಲಿ ಬೀದಿಯಲ್ಲಿದ್ದ ಮಾನಸಿಕ ಅಸ್ವಸ್ಥ ಮಹಿಳೆಯರಿಗಾಗಿ ಶುರುವಾದ ಸಂಸ್ಥೆ ಅದು. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಉಳಿದ ನಾಲ್ಕೈದು ಮಹಿಳೆಯರು ಸೇರಿ ಸಾಮಾನ್ಯ ಬೀದಿಯ ಒಂದು ಬಾಡಿಗೆ ಮನೆಯಲ್ಲಿ ಇರುತ್ತಾರೆ. ಬೇಕಾದಷ್ಟು ಸಹಾಯಕ್ಕೆ ಒಬ್ಬರು ಇರುತ್ತಾರೆ. ನಿಲಯದ ಇಬ್ಬರು ಗೆಳತಿಯರು ಒಟ್ಟಿಗೆ ಕೋಣೆ ಮಾಡಿದರೆ ಬಾಡಿಗೆಯೂ ಹಂಚಿಹೋಗುತ್ತದೆ, ರಾತ್ರಿ ಒಂಟಿತನವೂ ಇರುವುದಿಲ್ಲ. ಕರಾರುಪತ್ರದಲ್ಲಿ ಅವರ ಹೆಸರೇ ಇರಲಿ. ಮುಂದೆ ರೇಷನ್ ಕಾರ್ಡಿಗೆ ಅರ್ಜಿ ಹಾಕಬಹುದು. ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರು ಬಂದರೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಗೂ ಅರ್ಜಿ ಹಾಕಬಹುದು. ಹೊಸ ಕಾರ್ಡಿಗೆ ಕಾಯಬೇಕಾಗುತ್ತದೆ, ಅದನ್ನು ನಂಬಿ ಬಾಡಿಗೆ ಲೆಕ್ಕ ಹಾಕಬೇಡಿ.

ಕಾಯಿಲೆ ಮರುಕಳಿಸುವುದಿದ್ದರೆ ಬಹಳ ಸಲ ಮೊದಲು ನಿದ್ದೆ ಕೆಡುತ್ತದೆ. ಎರಡು ರಾತ್ರಿ ನಿದ್ದೆ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆ, ಕೆಲಸದ ಕಡೆ ಯಾರಿಗೆ ತಿಳಿಸಬೇಕು ಎಂದು ಅವರು ಚೆನ್ನಾಗಿರುವಾಗಲೇ ಬರೆಸಿ ಗೋಡೆಗೆ ಅಂಟಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹಿಂಸೆ, ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181. ಹದಿನೈದು ದಿನ ಆಸ್ಪತ್ರೆಯಲ್ಲಿ ಇರಬೇಕಾದರೆ ಆ ತಿಂಗಳ ಬಾಡಿಗೆ ಹೊಂದಿಸಿ ಕೋಣೆ ಉಳಿಸಿಕೊಳ್ಳಿ. ಮರಳಿ ಬರಲು ಅವರಿಗೊಂದು ಜಾಗ ಇರಬೇಕು.

ಅವರು ಹೊಸ ಕೋಣೆಗೆ ಹೋದ ಮೇಲೆ ನೀವು ಬಾಗಿಲು ತಟ್ಟಿಯೇ ಒಳಗೆ ಹೋಗಿ. ಒಂದು ದಿನ ಮಧ್ಯಾಹ್ನ ಫೋನ್ ಮಾಡಿದರೆ ಎತ್ತದೇ ಇರಬಹುದು. ಗಾಬರಿ ಬೇಡ. ಡ್ಯೂಟಿಯಲ್ಲಿರುತ್ತಾರೆ, ಸಂಜೆ ಮಾಡಿ.